ಸಹಾಯ ಬೇಕು: ಪದವಿ ಮಧ್ಯೆ ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಪದವಿಯ ಎರಡನೇ ವರ್ಷದಲ್ಲಿದ್ದಾಳೆ. ಎಕ್ಸ್‌ಚೇಂಜ್ ಒಪ್ಪಂದದಲ್ಲಿ ಒಂದು ಸೆಮಿಸ್ಟರ್ ಯುರೋಪಿನಲ್ಲಿ ಓದಲು ಆಯ್ಕೆಯಾಗಿದ್ದಾಳೆ. ಅಲ್ಲಿ ಬೇರೆ ಟ್ಯೂಷನ್ ಫೀಸ್ ಕಟ್ಟಬೇಕಿಲ್ಲ. ಹಾಗಾಗಿ ದುಡ್ಡಿಗಿಂತ ಕ್ರೆಡಿಟ್‌ದೇ ಚಿಂತೆ ಜಾಸ್ತಿ.

ಯುರೋಪಿನ ಕಾಲೇಜುಗಳು ಬಳಸುವ ಇಸಿಟಿಎಸ್ ಅನ್ನೋ ಕ್ರೆಡಿಟ್ ಲೆಕ್ಕದಲ್ಲಿ ಪೂರ್ತಿ ವರ್ಷಕ್ಕೆ 60 ಕ್ರೆಡಿಟ್, ಅಂದರೆ ಸೆಮಿಸ್ಟರ್‌ಗೆ 30. ಒಂದು ಕ್ರೆಡಿಟ್‌ಗೆ ಸುಮಾರು 25ರಿಂದ 30 ಗಂಟೆ ಓದು, ಅದರಲ್ಲಿ ಮನೆಯಲ್ಲಿ ಓದುವುದೂ ಸೇರುತ್ತದೆ. ನಮ್ಮ ಕಾಲೇಜಿನ ಲೆಕ್ಕವೇ ಬೇರೆ. ಹೋಗುವ ಮೊದಲೇ ಲರ್ನಿಂಗ್ ಅಗ್ರಿಮೆಂಟ್‌ಗೆ (ಅಲ್ಲಿ ಯಾವ ವಿಷಯ ಓದುತ್ತಾಳೆ, ಅದಕ್ಕೆ ಇಲ್ಲಿ ಯಾವ ಕ್ರೆಡಿಟ್ ಸಿಗುತ್ತದೆ ಅನ್ನೋ ಒಪ್ಪಂದ) ಅವಳು, ಇಲ್ಲಿನ ಕಾಲೇಜಿನವರು, ಅಲ್ಲಿನ ಕಾಲೇಜಿನವರು ಮೂವರೂ ಸಹಿ ಹಾಕಬೇಕಂತೆ. ಅದು ಸರಿ. ಆದರೆ ಅಲ್ಲಿ ಹೋದ ಮೇಲೆ ಆರಿಸಿದ ವಿಷಯ ಆ ಸೆಮಿಸ್ಟರ್‌ನಲ್ಲಿ ಇಲ್ಲ ಅಂದರೆ? ಟೈಮ್‌ಟೇಬಲ್ ಹೊಂದದಿದ್ದರೆ? ಬದಲಿಸಿದ ವಿಷಯಕ್ಕೆ ಇಲ್ಲಿ ಮತ್ತೆ ಒಪ್ಪಿಗೆ ಪಡೆದಿರಾ? ಎಷ್ಟು ದಿನ ಹಿಡಿಯಿತು?

ಅಲ್ಲಿನ ಗ್ರೇಡ್ ನಿಮ್ಮ ಅಂಕಪಟ್ಟಿಗೆ ಹೇಗೆ ಬಂತು? ಸುಮ್ನೆ ಪಾಸ್ ಅಂತ ಹಾಕಿದರಾ, ಅಥವಾ ಸರಾಸರಿಗೂ ಸೇರಿಸಿದರಾ?

ಅವಳು ತುಂಬಾ ಆಸೆಯಿಂದ ಕಾಯುತ್ತಿದ್ದಾಳೆ. ಒಂದು ವರ್ಷ ಹಿಂದೆ ಬೀಳಬಾರದು, ಅಷ್ಟೇ. ಸಿಲಬಸ್ ಹೊಂದಿಸಿದ್ದು ಹೇಗೆ ಅಂತ ಗೊತ್ತಿರುವವರು ದಯವಿಟ್ಟು ತಿಳಿಸಿ. ಈ ತಿಂಗಳೊಳಗೆ ವಿಷಯಗಳ ಪಟ್ಟಿ ಕೊಡಬೇಕು.