ಬೀಟಲ್ಸ್ ಆಲ್ಬಮ್ ಪ್ಲೀಸ್ ಪ್ಲೀಸ್ ಮೀ ಮೋನೋದಲ್ಲಿ (ಎರಡೂ ಕಿವಿಗೆ ಒಂದೇ ಸದ್ದು) ಕೇಳ್ಬೇಕಾ ಸ್ಟೀರಿಯೋದಲ್ಲಾ (ಎಡಕ್ಕೊಂದು ಬಲಕ್ಕೊಂದು)? ಅನುಭವ ಇರೋರು ಹೇಳಿ

ಬೀಟಲ್ಸ್ ಹಾಡು ಅಲ್ಲೊಂದು ಇಲ್ಲೊಂದು ಕೇಳಿದ್ದು ಬಿಟ್ರೆ ಆಲ್ಬಮ್ ಅಂತ ಕೂತು ಕೇಳಿರ್ಲಿಲ್ಲ, ಈಗ 1963ರ ಮೊದಲನೇದ್ರಿಂದ್ಲೇ ಶುರು ಮಾಡಿದೀನಿ. ಇಯರ್‌ಫೋನ್ ಹಾಕ್ಕೊಂಡ್ರೆ ಹಾಡೋ ದನಿಯೆಲ್ಲ ಬಲಗಿವಿಗೆ, ಡ್ರಮ್ಸು ಗಿಟಾರೆಲ್ಲ ಎಡಗಿವಿಗೆ, ಸ್ವಲ್ಪ ಹೊತ್ತಿಗೇ ತಲೆ ಹಿಡ್ಕೊಳ್ಳತ್ತೆ. ಇದು ಇರೋದೇ ಹಿಂಗಾ? ಸಿಡಿ ತಗೊಳೋದಾದ್ರೆ ಯಾವ್ದು ತಗೊಳ್ಳಿ?

—

ಇಯರ್‌ಫೋನ್ ಸರಿಯಾಗೇ ಇದೆ, ಆಲ್ಬಮ್ಮೇ ಹಂಗೆ. ಅಬೀ ರೋಡ್ ಸ್ಟುಡಿಯೋದಲ್ಲಿ ಇವ್ರು ರೆಕಾರ್ಡ್ ಮಾಡಿದ್ದು ಎರಡೇ ಟ್ರ್ಯಾಕಿನ ಟೇಪಲ್ಲಿ, ಒಂದ್ರಲ್ಲಿ ವಾದ್ಯ ಇನ್ನೊಂದ್ರಲ್ಲಿ ಹಾಡು, ಯಾಕಂದ್ರೆ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್‌ಗೆ ಆಮೇಲೆ ಎರಡನ್ನೂ ಹದವಾಗಿ ಬೆರೆಸಿ ಮೋನೋ ಮಾಡ್ಬೇಕಿತ್ತು, ಆಗ ಪಾಪ್ ಕೇಳೋ ಹುಡುಗ್ರ ಮನೇಲಿ ಹೆಚ್ಚಾಗಿ ಇದ್ದಿದ್ದು ಮೋನೋ ಪ್ಲೇಯರ್ರೇ ಅಲ್ವಾ. ಅದೇ ಎರಡು ಟ್ರ್ಯಾಕನ್ನ ಎಡಕ್ಕೊಂದು ಬಲಕ್ಕೊಂದು ಹಂಚಿ ಸ್ಟೀರಿಯೋ ಅಂದ್ರು. ದುಡ್ಡು ಹಾಕೋ ಮುಂಚೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಲ್ಲಿ ಮೋನೋ ಆಡಿಯೋ ಆನ್ ಮಾಡಿ ನೋಡಿ, ಅಸಲಿ ಮೋನೋ ಮಿಕ್ಸ್ ಅಲ್ಲ ಅದು, ಆದ್ರೂ ತಲೆನೋವು ಹೋಗತ್ತೆ.

—

ನಾನು ಬೇಸ್ ಗಿಟಾರ್ ಕಲೀತಿದೀನಿ, ನಂಗೆ ಈ ಸ್ಟೀರಿಯೋನೇ ಬೇಕು. ಬಲಗಡೆ ಇಯರ್‌ಬಡ್ ತೆಗೆದಿಟ್ರೆ ಐ ಸಾ ಹರ್ ಸ್ಟ್ಯಾಂಡಿಂಗ್ ದೇರ್‌ನಲ್ಲಿ ಪಾಲ್ ಮೆಕಾರ್ಟ್ನಿ ಬೇಸು ಒಂದೊಂದು ನೋಟೂ ಬಿಡಿಸಿ ಕೇಳತ್ತೆ, ದನಿ ಮಾತ್ರ ಎಲ್ಲೋ ಪಕ್ಕದ ಮನೆ ಬಚ್ಚಲಿಂದ ಬಂದಂಗೆ ಸೋರ್ತಿರತ್ತೆ. ಆ ಬೇಸ್ ಲೈನು ಅಮೆರಿಕದ ರಾಕ್ ಹಾಡುಗಾರ ಚಕ್ ಬೆರ್ರಿ ಹಾಡೊಂದ್ರಿಂದ ಎತ್ತಿದ್ದು ಅಂತ ಪಾಲೇ ಒಪ್ಕೊಂಡಿದಾನೆ, ಸೋ ನೀವೂ ಧೈರ್ಯವಾಗಿ ಕದೀರಿ. ಶುರುವಲ್ಲಿ ಒನ್ ಟೂ ತ್ರೀ ಅಂತ ಕೂಗ್ತಾನಲ್ಲ, ಅದು ಒಂಬತ್ತನೇ ಟೇಕಿಂದು, ಕತ್ತರಿಸಿ ಮೊದಲನೇ ಟೇಕಿಗೆ ಅಂಟಿಸಿರೋದು.

—

ಮೋನೋ ಸ್ಟೀರಿಯೋ ಎಲ್ಲಾ ಆಮ್ಯಾಲ ನೋಡ್ಕೋರಿ, ಶಫಲ್ ಮಾತ್ರ ಹಚ್ಚಬ್ಯಾಡ್ರಿ. 14 ಹಾಡಿನ್ಯಾಗ 10 ಹಾಡು ಒಂದ ದಿನಾ ಮುಗಿಸ್ಯಾರ, 1963ರ ಫೆಬ್ರವರಿ 11, ಮುಂಜಾನಿಂದ ರಾತ್ರಿತನಕ, ಉಳಿದ 4 ಮೊದಲ ಸಿಂಗಲ್ಸ್‌ನ್ಯಾಗ (ಎರಡ ಹಾಡಿನ ಸಣ್ಣ ರೆಕಾರ್ಡ್) ಬಂದಿದ್ವು. ಹಾಡೂ ಜಾನ್ ಲೆನನ್‌ಗ ಅವತ್ತು ಜೋರು ನೆಗಡಿ. ಗಂಟಲು ಕಿತ್ತು ಹೋಗೂ ಹಾಡು ಅಂತ ಟ್ವಿಸ್ಟ್ ಆಂಡ್ ಶೌಟ್ ಕಡೀಕ ಇಟ್ಕೊಂಡಿದ್ರು, ಮೊದಲನೇ ಟೇಕ ಆಲ್ಬಮ್ಮಿನ್ಯಾಗ ಐತಿ, ಇನ್ನೊಂದು ಟೇಕ್ ಹಾಡಾಕ ಹೋದ್ರ ದನೀನ ಉಳದಿರಲಿಲ್ಲ. ಅನ್ನಾ ಹಾಡಿನ್ಯಾಗ ಮೂಗು ಕಟ್ಟಿದ್ದು ನನಗಂತೂ ಸ್ಪಷ್ಟ ಕೇಳತೈತಿ. ಎ ಟೇಸ್ಟ್ ಆಫ್ ಹನಿ ಒಂದು ಬಿಟ್ರೂ ನಡೀತೈತಿ, ನನಗ ಅದು ಸೇರಂಗಿಲ್ಲ.

—

ಸಿಡಿ ವಿಷ್ಯ ಯಾರೂ ಹೇಳ್ಲಿಲ್ಲ. 1987ರಲ್ಲಿ ಬಂದಿದ್ದು ಮೋನೋ. 2009ರ ರಿಮಾಸ್ಟರ್ (ಹಳೇ ಟೇಪಿನ ಸದ್ದು ಹೊಸದಾಗಿ ಹದ ಮಾಡಿದ್ದು) ಬಿಡಿಯಾಗಿ ಬಂದಿದ್ದು ಸ್ಟೀರಿಯೋ, ಆ ವರ್ಷದ ಮೋನೋ ಬೇಕಂದ್ರೆ ಇಡೀ ಬಾಕ್ಸ್ ಸೆಟ್ಟೇ ತಗೋಬೇಕಿತ್ತು, ಮೋನೋ ಎಲ್‌ಪಿ 2014ರಲ್ಲಿ ಬಿಡಿಯಾಗೂ ಬಂತು. ಹಂಗಾಗಿ ಹಳೇ 1987ರ ಸಿಡಿ ಸೆಕೆಂಡ್ ಹ್ಯಾಂಡ್ ಸಿಕ್ರೆ ಕಣ್ಮುಚ್ಚಿ ತಗೊಳ್ಳಿ. ಮಾರೋರ ಮಾತು ನಂಬ್ಬೇಡಿ, ಹಾಕಿಸಿ ಕೇಳಿ. ಆದ್ರೆ ಲವ್ ಮೀ ಡೂ, ಪಿ.ಎಸ್. ಐ ಲವ್ ಯೂ ಇವೆರಡ್ರಲ್ಲಿ ಟೆಸ್ಟ್ ಮಾಡ್ಬೇಡಿ, ಅವುಗಳ ಎರಡು ಟ್ರ್ಯಾಕಿನ ಟೇಪೇ ಉಳಿದಿಲ್ಲ, 2009ರ ಸ್ಟೀರಿಯೋ ಸಿಡೀಲೂ ಅವು ಮೋನೋನೇ. ಟೈಟಲ್ ಹಾಡಿನ ಕೊನೇ ಚರಣ ಕೇಳಿ: ಜಾನ್ ಪದ ತಪ್ಪಿ, ಹಿಂದೇನೇ ಕಮ್ ಆನ್ ಅನ್ನೋವಾಗ ನಗು ತಡ್ಕೊಂಡ್ರೆ ಅದು ಸ್ಟೀರಿಯೋ. ಮೋನೋದಲ್ಲಿ ಬೇರೆ ಟೇಕ್, ಅಲ್ಲಿ ತಪ್ಪಲ್ಲ.