ದೊಡ್ಡಮನೆ ಬಳಗ (ಮನೆಯವರ ವಾಟ್ಸಾಪ್ ಗುಂಪು): ಬೇಲೂರು ರಸ್ತೆ ಆನೆ ವಿಡಿಯೊ

ರಮೇಶ: (ಹಲವು ಬಾರಿ ಫಾರ್ವರ್ಡ್ ಆಗಿದೆ) "ನಿನ್ನೆ ರಾತ್ರಿ ಬೇಲೂರು ರಸ್ತೆಯಲ್ಲಿ ಬಸ್ಸಿನ ಮೇಲೆ ಕಾಡಾನೆ ದಾಳಿ. ಪೇಪರ್‌ನವರು, ಟೀವಿಯವರು ಮುಚ್ಚಿಟ್ಟಿದ್ದಾರೆ. ನಿಜವಾದ ಹಾಸನದವರಾಗಿದ್ದರೆ ಎಲ್ಲಾ ಗುಂಪಿಗೂ ಕಳಿಸಿ. ಓಟು ಹಾಕುವಾಗ ನೆನಪಿರಲಿ."

ಕಿರಣ: ಅಯ್ಯೋ. ಚಿಕ್ಕಪ್ಪ, ಮನೇಲಿ ಎಲ್ರೂ ಹುಷಾರಾಗಿದೀರ ತಾನೆ?

ರಮೇಶ: ನಾವು ಹುಷಾರಾಗಿದೀವಿ ಕಣೋ. ಇದನ್ನ ಎಲ್ರೂ ನೋಡ್ಬೇಕು, ಕಳಿಸ್ರಪ್ಪ.

ಸಹನಾ: ಚಿಕ್ಕಪ್ಪ, ಇದು ನಮ್ಮ ಕಡೇದಲ್ಲ. ಹನ್ನೊಂದನೇ ಸೆಕೆಂಡಲ್ಲಿ ನಿಲ್ಲಿಸಿ ನೋಡಿ. ಬಸ್ಸಿನ ಮುಂದಿನ ಬೋರ್ಡು ಮಲಯಾಳದಲ್ಲಿದೆ. ನಂಬರ್ ಪ್ಲೇಟು ಕೆಎಲ್ ಅಂತ ಶುರುವಾಗುತ್ತೆ. ರಸ್ತೆ ಎರಡೂ ಕಡೆ ಟೀ ತೋಟ. ಬೇಲೂರು ರಸ್ತೇಲಿ ಹಂಗೆ ಟೀ ತೋಟ ಎಲ್ಲಿದೆ? ದಯವಿಟ್ಟು ತೆಗೀರಿ.

ರಮೇಶ: ಬಸ್ಸು ಯಾವೂರದಾದ್ರೂ ಆಗ್ಲಿ ಕಣಮ್ಮ, ಆನೆ ಸುಳ್ಳಾ? ಹೋದ ತಿಂಗಳು ಕೆಳಗಿನ ಬ್ಲಾಕಿಗೆ ನುಗ್ಗಿ ರೊಬಸ್ಟಾ ಕಾಫಿ ಗಿಡ ಮುರಿದು ಹಾಕಿದ್ದು ಸುಳ್ಳಾ? ಬೈನೆ ಮರ ಸೀಳಿದ್ದು ಸುಳ್ಳಾ? ನೀನು ಹಾಸನದ ಕಾಲೇಜಲ್ಲಿ ಪಾಠ ಮಾಡ್ತೀಯ. ರಾತ್ರಿ ಪಟಾಕಿ ಹಿಡ್ಕೊಂಡು ಕಾಯೋನು ನಾನು.

ಸಹನಾ: ನಿಮ್ಮ ಗಿಡ ಹೋಗಿದ್ದು ನಿಜ ಅಂತಲೇ ಹೇಳ್ತಿದೀನಿ. ನಿಮಗಿರೋ ನಿಜವಾದ ಸಿಟ್ಟನ್ನ ಯಾರೋ ತಮ್ಮ ಕೆಲಸಕ್ಕೆ ಬಳಸ್ಕೊಳ್ತಿದಾರೆ. ನಾಳೆ ಅರಣ್ಯ ಇಲಾಖೆಯ ಡಿಎಫ್‌ಒ ಮುಂದೆ ನಿಂತಾಗ "ನೀವು ಹಂಚಿದ್ದು ಕೇರಳದ ವಿಡಿಯೊ" ಅಂದುಬಿಟ್ರೆ ನಿಮ್ಮ ಗಿಡದ ಮಾತೂ ಬಿದ್ದು ಹೋಗುತ್ತೆ.

ಮಂಜುನಾಥ (ಅಡ್ಮಿನ್): ಗುಂಪಲ್ಲಿ ರಾಜಕೀಯ ಬೇಡ. ಮೊದಲೇ ಹೇಳಿದೀನಿ.

ಸಹನಾ: ಮಂಜಣ್ಣ, "ಓಟು ಹಾಕುವಾಗ ನೆನಪಿರಲಿ" ಅಂತ ಬಂದಾಗಲೇ ರಾಜಕೀಯ ಬಂದಾಯ್ತು. ಅದಕ್ಕೆ ಉತ್ತರ ಕೊಟ್ರೆ ಮಾತ್ರ ತಪ್ಪಾ?

ಕಿರಣ: ಸಹನಕ್ಕ, ವಿಡಿಯೊ ಸುಳ್ಳು ಅಂತ ಒಪ್ತೀನಿ. ಆದ್ರೆ ವಾಟ್ಸಾಪ್‌ದೇನು ತಪ್ಪು? ಅದೊಂದು ಚಾಕು ಇದ್ದಹಾಗೆ, ಹಣ್ಣೂ ಹೆಚ್ಚಬಹುದು, ಕೈಯೂ ಕುಯ್ಕೋಬಹುದು. ಇಲ್ಲಿ ಫೇಸ್‌ಬುಕ್ ತರ ಅಲ್ಗಾರಿದಮ್ ಕೂತು ಯಾವುದು ಮೇಲೆ ಬರ್ಬೇಕು ಅಂತ ಆರಿಸಲ್ಲ. 2016ರಿಂದ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ, ಕಂಪನಿಯವರೂ ನಮ್ಮ ಮೆಸೇಜು ಓದೋಕಾಗಲ್ಲ.

ಸಹನಾ: ಎನ್‌ಕ್ರಿಪ್ಷನ್ ಬೇಕೇ ಬೇಕು, ಅದರಲ್ಲಿ ಜಗಳ ಇಲ್ಲ. ಚಾಕು ಅನ್ನೋ ಮಾತನ್ನ ಮಾತ್ರ ಒಪ್ಪಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿಂದ ಬಂದಿದ್ದ ಯುವಕನನ್ನ ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ವಾಟ್ಸಾಪ್‌ನಲ್ಲಿ ಹರಡಿದ ವದಂತಿ. ಅದೇ ತಿಂಗಳು ಕಂಪನಿ ಭಾರತದಲ್ಲಿ ಫಾರ್ವರ್ಡ್ ಅನ್ನ ಒಂದು ಸಲಕ್ಕೆ 5 ಚಾಟಿಗೆ ಇಳಿಸ್ತು, ವಿಡಿಯೊ ಪಕ್ಕದಲ್ಲಿದ್ದ, ಥಟ್ಟನೆ ಫಾರ್ವರ್ಡ್ ಮಾಡೋ ಬಾಣದ ಗುರುತನ್ನ ತೆಗೀತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಹೊತ್ತಲ್ಲಿ, ಹಲವು ಬಾರಿ ಫಾರ್ವರ್ಡ್ ಆದದ್ದನ್ನ ಒಂದೇ ಚಾಟಿಗೆ ಅಂತ ಮಾಡ್ತು. ಅಂಥ ಮೆಸೇಜು ಹರಡೋದು ಶೇ 70ರಷ್ಟು ಕಡಿಮೆ ಆಯ್ತು ಅಂತ ಕಂಪನಿಯೇ ಹೇಳಿತು. ಅಷ್ಟು ದಿನದಲ್ಲಿ ಜನರ ಬುದ್ಧಿ ಬದಲಾಗಿತ್ತಾ? ಬಟನ್ ಬದಲಾಗಿತ್ತು. ಹಾಗಾದ್ರೆ ಮೊದಲು ಅದನ್ನ ಅಷ್ಟು ಸಲೀಸಾಗಿ ಇಟ್ಟಿದ್ದು ಯಾರ ತೀರ್ಮಾನ? ನಮ್ಮನ್ನ, ಮುರ್ಕಿಯವರನ್ನ ಯಾರಾದ್ರೂ ಕೇಳಿದ್ರಾ?

ಕಿರಣ: ತಿದ್ಕೊಂಡ್ರಲ್ಲ ಅಕ್ಕ.

ಸಹನಾ: ಹೆಣ ಬಿದ್ದ ಮೇಲೆ. ಇನ್ನು ಅಲ್ಗಾರಿದಮ್ ಮಾತು. ಈ ವಿಡಿಯೊ ಹುಟ್ಟಿದ್ದು ವಾಟ್ಸಾಪ್‌ನಲ್ಲಲ್ಲ, ಮೂಲೆಯಲ್ಲಿ ರೀಲ್ಸ್ ಗುರುತು ಹಾಗೇ ಇದೆ ನೋಡು. 2017ರಿಂದ ಕೆಲವು ಕಾಲ ಫೇಸ್‌ಬುಕ್ ಸಿಟ್ಟಿನ ಮುಖವೂ ಸೇರಿದಂತೆ ಎಮೋಜಿಗಳಿಗೆ ಲೈಕ್‌ಗಿಂತ 5 ಪಟ್ಟು ತೂಕ ಕೊಡ್ತಿತ್ತು. ಅಲ್ಲೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಹಾಗನ್ ಹೊರಗೆ ತಂದ ಕಾಗದಪತ್ರಗಳಿಂದ 2021ರಲ್ಲಿ ಇದು ಬಯಲಾಯ್ತು. ಜನ ಕೆರಳಿದಷ್ಟೂ ವಿಡಿಯೊ ಮೇಲೆ ಬರುತ್ತೆ, ಮೇಲೆ ಬಂದಷ್ಟೂ ಜಾಹೀರಾತು. ಅಲ್ಲಿ ಕುದಿಸಿದ್ದು ಇಲ್ಲಿಗೆ ಬರುತ್ತೆ, ನಮ್ಮವರ ಕೈಯಿಂದ.

ಇನ್ನೊಂದು ಮಾತು ಹೇಳ್ತೀನಿ, ಎಲ್ರೂ ಸ್ವಲ್ಪ ತಾಳ್ಮೆಯಿಂದ ಓದಿ. ಹೋರ್ಕ್‌ಹೈಮರ್, ಅಡೋರ್ನೊ ಅಂತ ಇಬ್ಬರು ಜರ್ಮನ್ ಚಿಂತಕರು. ಫ್ರಾಂಕ್‌ಫರ್ಟ್‌ನಲ್ಲಿದ್ರು, ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟು ಅಮೆರಿಕ ಸೇರಿದ್ರು. 1944ರಲ್ಲೇ ಅವರು ಬರೆದಿದ್ರು: ಟೆಲಿಫೋನಿನಲ್ಲಿ ಎರಡೂ ಕಡೆಯವರು ಮಾತಾಡ್ತಾರೆ, ರೇಡಿಯೊ ಎಲ್ಲರನ್ನೂ ಬರೀ ಕೇಳೋರನ್ನಾಗಿ ಮಾಡುತ್ತೆ, ತಿರುಗಿ ಮಾತಾಡೋ ದಾರಿಯೇ ಇಲ್ಲ. ನಮ್ಮ ಬಳಗ ಶುರುವಾದಾಗ ಫೋನಾಗಿತ್ತು. ಅಜ್ಜಿಯ ಮೊಣಕಾಲು ನೋವು, ಮೆಣಸಿನ ರೇಟು, ಹಬ್ಬಕ್ಕೆ ಯಾರ್ ಯಾರು ಬರ್ತಾರೆ, ಇದೇ ಇರ್ತಿತ್ತು. ಈಗ ಮೇಲಕ್ಕೆ ಹೋಗ್ತಾ ನೋಡಿ, ನಮ್ಮ ಬಾಯಿಂದ ಬಂದ ಮಾತು ಎಷ್ಟಿದೆ? ರೇಡಿಯೊದವನು ಹೊರಗಿನವನು ಅಂತ ಆ ಕಾಲದವರಿಗೆ ಗೊತ್ತಿತ್ತು. ಇಲ್ಲಿ ಯಾರದೋ ದನಿ ನಮ್ಮ ರಮೇಶ ಚಿಕ್ಕಪ್ಪನ ಹೆಸರು, ಫೋಟೊ ಹೊತ್ತು ಬರುತ್ತೆ. ಅದಕ್ಕೇ ಕಿರಣ ನೋಡಿದ ತಕ್ಷಣ ನಂಬಿದ್ದು, ಹುಷಾರಾಗಿದೀರ ಅಂತ ಕೇಳಿದ್ದು.

ರಮೇಶ: ಪೇಪರ್, ರೇಡಿಯೊ ಕಾಲದಲ್ಲಿ ನಮ್ಮ ಮಾತು ಯಾರು ಕೇಳಿದ್ರು? ಆನೆ ತುಳಿದು ಒಬ್ಬ ಸತ್ರೆ ಒಳಗಿನ ಪುಟದಲ್ಲಿ ನಾಲ್ಕು ಸಾಲು. ಈಗ ಒಂದು ವಿಡಿಯೊ ಓಡಿದ್ರೆ ಎಂಎಲ್‌ಎ ಬರ್ತಾರೆ, ಮಿನಿಸ್ಟ್ರು ಬರ್ತಾರೆ. ಅದನ್ನೂ ಬಿಟ್ಟುಬಿಡು ಅಂತೀಯ?

ಸುಮಿತ್ರಾ: ರಮೇಶ ಹೇಳೋದ್ರಲ್ಲೂ ನ್ಯಾಯ ಇದೆ ಕಣೇ.

ಸಹನಾ: ಇದೆ ಅತ್ತೆ, ತಳ್ಳಿಹಾಕೋ ಮಾತಲ್ಲ. ಚಿಕ್ಕಪ್ಪ, ನಿಮ್ಮ ಫೋನಲ್ಲೇ ಇನ್ನೊಂದು ಗುಂಪಿದೆಯಲ್ಲ, ಆನೆ ಕಾರ್ಯಪಡೆಯವರು ಮಾಹಿತಿ ಹಾಕೋದು. ಅದರಲ್ಲಿ ಇವತ್ತು ಬಂದಿದ್ದನ್ನ ಇಲ್ಲಿ ಹಾಕಿ.

ರಮೇಶ: "ಸಂಜೆ 5:40. ಹೆಣ್ಣಾನೆ 6, ಮರಿ 2. ಕೆರೆ ಮೇಲಿನ ಬ್ಲಾಕಿನಿಂದ ಹಳ್ಳದ ಕಡೆ ಇಳಿಯುತ್ತಿವೆ. ಕೆಲಸದವರನ್ನು ಬೇಗ ಬಿಡಿ. ಮುಖ್ಯರಸ್ತೆಯಲ್ಲೇ ಹೋಗಲಿ." ತಗೋ.

ಸಹನಾ: ನೋಡಿ. ಹೊತ್ತು ಇದೆ, ಜಾಗ ಇದೆ, ಎಷ್ಟು ಆನೆ ಅಂತ ಇದೆ, ಏನು ಮಾಡ್ಬೇಕು ಅಂತ ಇದೆ. ಬರೆದವರ ನಂಬರಿದೆ, ತಪ್ಪಾದ್ರೆ ಫೋನ್ ಮಾಡಿ ಕೇಳಬಹುದು. ನಿಜವಾದ ಹಾಸನದವರು ಯಾರು ಅನ್ನೋ ಪ್ರಶ್ನೆಯೇ ಇಲ್ಲ. ಎರಡೂ ವಾಟ್ಸಾಪೇ. ತಂತ್ರಜ್ಞಾನವನ್ನ ಕಟ್ಟೋ ರೀತಿಯಲ್ಲೇ ಯಾರದೋ ಹಿತ ಅಡಗಿರುತ್ತೆ, ಅದನ್ನ ಬಳಸೋ ಜನರೂ ಬೇರೆ ತರ ಕಟ್ಟಬಹುದು ಅಂತ ತಂತ್ರಜ್ಞಾನದ ಬಗ್ಗೆ ಬರೆಯೋ ಚಿಂತಕ ಆಂಡ್ರೂ ಫೀನ್‌ಬರ್ಗ್ ವಾದ. ಆ ಗುಂಪಲ್ಲಿ ನಮ್ಮೂರವರೇ ಅದನ್ನ ಮಾಡಿ ತೋರಿಸಿದಾರೆ. ನಮ್ಮ ಬಳಗವೂ ಹಂಗಾಗ್ಲಿ ಅಂತ ನನ್ನಾಸೆ. ಜರ್ಮನ್ ಚಿಂತಕ ಹಾಬರ್ಮಾಸ್ 1962ರಲ್ಲಿ ಲಂಡನ್ನಿನ ಹಳೇ ಕಾಫಿ ಹೌಸ್‌ಗಳ ಬಗ್ಗೆ ಬರೆದ್ರು, ಕಾಫಿ ಕುಡೀತಾ ಜನ ರಾಜನ ಆಡಳಿತವನ್ನೇ ವಿಚಾರಿಸೋರು ಅಂತ. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ 1675ರ ಡಿಸೆಂಬರಿನಲ್ಲಿ ಅವನ್ನ ಮುಚ್ಚಿಸೋಕೆ ಆಜ್ಞೆ ಹೊರಡಿಸಿ, ಜನ ತಿರುಗಿಬಿದ್ದಿದ್ದಕ್ಕೆ ಕೆಲವೇ ದಿನದಲ್ಲಿ ವಾಪಸ್ ತಗೊಂಡ. ಅಷ್ಟು ಬಲ ಇತ್ತು ಎದುರುಬದುರು ಕೂತು ಆಡೋ ಮಾತಿಗೆ.

ಸುಮಿತ್ರಾ: ಆ ಕಾಫಿ ಹೌಸಲ್ಲಿ ಹೆಂಗಸರು ಕೂತು ವಾದ ಮಾಡ್ತಿದ್ರಾ? ಕಾಫಿ ಕುಯ್ದವರು ಇದ್ರಾ? ಅದಿರ್ಲಿ, ಇಲ್ಲಿಗೇ ಬನ್ನಿ. ಆನೆ ಕಾಲಿಗೆ ಸಿಗೋರು ಯಾರು? ಬೆಳಿಗ್ಗೆ ಮಂಜಲ್ಲಿ ಲೈನ್ ಮನೆಯಿಂದ ತೋಟಕ್ಕೆ ನಡ್ಕೊಂಡು ಹೋಗೋ ಆಳುಗಳು. ಮೆಸೇಜು ಬರೋದು ರಮೇಶನ ಫೋನಿಗೆ. ಅವನು ತೋಟದ ಲೆಕ್ಕ ಬರೆಯೋ ರೈಟರಿಗೆ ಹೇಳ್ಬೇಕು, ರೈಟರ್ ಮೇಸ್ತ್ರಿಗೆ ಹೇಳ್ಬೇಕು, ಮೇಸ್ತ್ರಿ ಹೆಣ್ಣಾಳುಗಳಿಗೆ ಹೇಳ್ಬೇಕು. ಅಷ್ಟೊತ್ತಿಗೆ ಆನೆ ಎಲ್ಲಿರುತ್ತೋ! ನೀವಿಬ್ರೂ ಇಷ್ಟೊತ್ತು ಕಿತ್ತಾಡಿದ್ರಲ್ಲ, ಅವರ ಸುದ್ದಿ ಯಾರಾದ್ರೂ ಎತ್ತಿದ್ರಾ?

ಸಹನಾ: ಅತ್ತೆ, ಹಾಬರ್ಮಾಸ್ ವಾದಕ್ಕೆ ಅಮೆರಿಕದ ಚಿಂತಕಿ ನ್ಯಾನ್ಸಿ ಫ್ರೇಸರ್ 1990ರಲ್ಲಿ ಎತ್ತಿದ ತಕರಾರೂ ಇದೇ. ಎಲ್ರಿಗೂ ತೆರೆದಿದೆ ಅಂತ ಹೇಳ್ಕೊಳ್ಳೋ ಜಾಗದಿಂದ ಹೆಂಗಸರು, ದುಡಿಯೋರು ಹೊರಗೇ ಉಳಿದಿದ್ರು ಅಂತ. ನಿಮ್ಮ ಮಾತೇ ಎಲ್ಲಕ್ಕಿಂತ ಮುಖ್ಯ.

ರಮೇಶ: ಅಕ್ಕ, ಇನ್ನೊಂದಿದೆ. ನಮ್ಮ ಲೈನಲ್ಲಿ ಈಗ ಅರ್ಧಕ್ಕರ್ಧ ಅಸ್ಸಾಮಿನವರು. ಕನ್ನಡ ಓದೋಕೆ ಬರಲ್ಲ. ಆನೆ ಮೆಸೇಜು ಬರೋದೇ ಕನ್ನಡದಲ್ಲಿ.

ಸುಮಿತ್ರಾ: ಹಂಗಾದ್ರೆ ಹಿಂದೀಲಿ ಒಂದು ವಾಯ್ಸ್ ಮೆಸೇಜ್ ಹಾಕ್ಸು. ಅವರ ಫೋನಿಗೇ ನೇರ ಹೋಗ್ಲಿ, ಮೇಸ್ತ್ರಿ ದಾರಿ ಕಾಯೋದು ಬೇಡ. ಅವರೂ ಆನೆ ಕಂಡ್ರೆ ಅದರಲ್ಲೇ ತಿಳಿಸ್ಲಿ. ತೋಟದಲ್ಲಿ ಮೊದಲು ಕಾಣೋದು ಅವರಿಗೇ.

ಕಿರಣ: ಆ ಗುಂಪು ಮಾಡೋದು ನಾನು ಹೇಳ್ಕೊಡ್ತೀನಿ ಚಿಕ್ಕಪ್ಪ, ಭಾನುವಾರ ಫೋನ್ ಮಾಡಿ. ಸಹನಕ್ಕ, ಕಳಿಸೋ ಮನುಷ್ಯನ ಹೊಣೆ ಅನ್ನೋ ನನ್ನ ಮಾತನ್ನ ನಾನು ಬಿಟ್ಟಿಲ್ಲ.

ಸಹನಾ: ಬಿಡಬೇಡ. ಅದರ ಜೊತೆಗೆ ಕಂಪನಿಯ ಹೊಣೆಯನ್ನೂ ಕೇಳು, ಅಷ್ಟೇ.

ರಮೇಶ: ವಿಡಿಯೊ ಇನ್ನೂ ನಾಲ್ಕು ಗುಂಪಿಗೆ ಹಾಕಿದೀನಿ. ತೆಗೆದ್ರೆ ಸುಮ್ನೆ ಅನುಮಾನ ಪಡ್ತಾರೆ. ಅದರ ಕೆಳಗೇ "ಇದು ಕೇರಳದ್ದು, ನಮ್ಮ ತೋಟದ್ದು ನಾಳೆ ಹಾಕ್ತೀನಿ" ಅಂತ ಬರೀತೀನಿ. ಬೆಳಿಗ್ಗೆ ರೈಟರ್ ಜೊತೆ ಹೋಗಿ ಮುರಿದ ಗಿಡ ಎಣಿಸಿ ಫೋಟೊ ತೆಗೀತೀನಿ. ಸಹನಾ, ಡಿಎಫ್‌ಒಗೆ ಅರ್ಜಿ ನೀನೇ ಬರ್ಕೊಡ್ಬೇಕು.

ಸಹನಾ: ಬರ್ಕೊಡ್ತೀನಿ ಚಿಕ್ಕಪ್ಪ. ಲೈನಿನವರಿಗೆ ಅವರ ಭಾಷೆಯಲ್ಲೇ ಎಚ್ಚರಿಕೆ ಕೊಡ್ಬೇಕು ಅನ್ನೋದನ್ನೂ ಅದರಲ್ಲೇ ಸೇರಿಸ್ತೀನಿ.