ಏಣಿ ಎತ್ತುವಾಗ ನಡುದಾರೀಲಿ ಜೀವ ಹೋಗೋದ್ಯಾಕೆ?

ಗಣಪ: ಕಾಳುಮೆಣಸು ಕೊಯ್ಯೋ ಬಿದಿರೇಣಿ, 20 ಅಡಿ, 24 ಕೆಜಿ. ನಿಲ್ಲಿಸ್ತಾ ಹೋದಂತೆ ಹಗುರ ಆಗುತ್ತೆ ಅಂತೀಯಲ್ಲೋ ಶೀನ? ನಿನ್ನ ಕಾಸ್ ತೀಟಾನ ನನ್ನ ಸೊಂಟ ಒಪ್ಪಲ್ಲ ಮಾರಾಯ.

ಶೀನ: ಕಾಸ್ ತೀಟಾ ಅಂದ್ರೆ ಏಣಿ ಏಳ್ತಾ ಹೋದಂತೆ ತೂಕದ ಅಡ್ಡದೂರ ಎಷ್ಟು ಕುಗ್ಗುತ್ತೆ ಅನ್ನೋ ಕೋನದ ಲೆಕ್ಕ, ಅದು ಸುಳ್ಳಾಡಲ್ಲ. ಏಣಿ ಬುಡವೇ ಕೀಲು. ಮಲಗಿದ್ದಾಗ ತೂಕ ಬುಡದಿಂದ 10 ಅಡಿ ಆಚೆ. ಟಾರ್ಕು, ಅಂದ್ರೆ ಬುಡದ ಸುತ್ತ ತಿರುಗಿಸೋ ಬಲ, ತೂಕ ಗುಣಿಸು ದೂರ, 240 ಕೆಜಿ-ಅಡಿ. 45 ಡಿಗ್ರಿಗೆ ಎದ್ದರೆ ಆ ಅಂತರ 7 ಅಡಿ, ಟಾರ್ಕು 170. 60ಕ್ಕೆ ಬರೀ 120.

ಗಣಪ: ಮತ್ತೆ ತೋಳು ನಡುಗೋದು?

ಶೀನ: ಕೈ ಎಲ್ಲಿದೆ ನೋಡ್ಕೋ. ಶುರುವಲ್ಲಿ ತುದೀಲಿತ್ತು, 12 ಕೆಜಿ ಸಾಕಾಯ್ತು. ಆಮೇಲೆ ಒಂದೊಂದೇ ಮೆಟ್ಟಿಲು ಹಿಡೀತಾ ಬುಡದ ಕಡೆ ನಡೀತೀಯ. ಕೈ ಮಾತ್ರ ಆರಡಿ ಎತ್ತರದಲ್ಲೇ. 45 ಡಿಗ್ರೀಲಿ ಕೈಗೂ ಬುಡಕ್ಕೂ ಎಂಟೂವರೆ ಅಡಿ. 170ನ್ನ ಎಂಟೂವರೆಯಿಂದ ಭಾಗಿಸು.

ಗಣಪ: ಇಪ್ಪತ್ತು!

ಶೀನ: ಅದೂ ಏಣಿಗೆ ಲಂಬವಾಗಿ ತಳ್ಳಿದರೆ. ನೀನು ದೇವರಿಗೆ ಆರತಿ ಎತ್ತಿದ ಹಾಗೆ ನೆಟ್ಟಗೆ ಮೇಲಕ್ಕೆ ಎತ್ತಿದರೆ 28, ಏಣಿ ತೂಕಕ್ಕಿಂತ ಜಾಸ್ತಿ! 45 ದಾಟಿಸಿಬಿಡು, 75ಕ್ಕೆ ಹತ್ತೇ ಕೆಜಿ.

ಸರೋಜಕ್ಕ: ಈ ಲೆಕ್ಕವೆಲ್ಲ ತೂಕ ಸರಿ ನಡುವೆ ಇದ್ದರೆ ತಾನೆ? ಬಿದಿರಿನ ದಪ್ಪ ತುದಿ ಮೇಲೆ ಮಾಡಿಕೊಂಡು ಎತ್ತೋ ಜಾಣರಿದ್ದಾರೆ. ತೂಕದ ನಡು 12 ಅಡಿಗೆ ಹೋದರೂ ಸಾಕು, 45 ಡಿಗ್ರೀಲಿ 20 ಇದ್ದದ್ದು 24.

ಗಣಪ: ಅದಕ್ಕೇ ಬುಡ ಜಾರುತ್ತಾ?

ಸರೋಜಕ್ಕ: ಅದು ಬೇರೆ. 20 ಕೆಜಿ ಓರೆಯಾಗಿ ತಳ್ಳಿದರೆ ಅದರಲ್ಲಿ 14 ಬುಡವನ್ನ ಮುಂದಕ್ಕೆ ನೂಕುತ್ತೆ. ಬುಡ ಮೆಣಸಿನ ಬಳ್ಳಿ ಹಬ್ಬಿರೋ ಸಿಲ್ವರ್ ಓಕ್ ಮರದ ಬೇರಿಗೆ ಆನಿಸಿಯೇ ಎತ್ತಬೇಕು. ನೆಟ್ಟಗೆ ನಿಂತ ಮೇಲೆ ಬುಡ 5 ಅಡಿ ಹೊರಗೆಳೆದರೆ ಸುಮಾರು 75 ಡಿಗ್ರಿ. ಅಲ್ಯೂಮಿನಿಯಂ ಏಣಿ ಹಗುರ ಅಂತ ತಂದರೆ ಮೊದಲು ಮೇಲೆ ನೋಡಿ. ಕರೆಂಟು ತಂತಿಗೆ ಕಾಸೂ ಗೊತ್ತಿಲ್ಲ, ಸೈನೂ ಗೊತ್ತಿಲ್ಲ.

ಗಣಪ: ತುದಿಗೆ ಹಗ್ಗ ಕಟ್ಟಿ ಮರದಾಚೆಯಿಂದ ಎಳೆದರೆ?

ಶೀನ: ಒಳ್ಳೇದೇ. 15 ಅಡಿ ಆಚೆ ನಿಂತು, ನಾಲ್ಕಡಿ ಎತ್ತರದಲ್ಲಿ ಹಗ್ಗ ಹಿಡಿದರೆ 45 ಡಿಗ್ರೀಲಿ ಬುಡದಿಂದ ಹಗ್ಗಕ್ಕೆ ಲಂಬದೂರ ಎಂಟೂ ಮುಕ್ಕಾಲು ಅಡಿ. ಕೈ ಸೋಲೋ ಜಾಗದಲ್ಲೇ ಹಗ್ಗ ಕೆಲಸ ಮಾಡುತ್ತೆ. ಆದರೆ ಏಣಿ ಮಲಗಿದ್ದಾಗ ಆ ದೂರ ಎರಡೂ ಕಾಲಡಿ. ಎಳೆತದ ಹೆಚ್ಚಿನ ಪಾಲು ಏಣೀನ ಬುಡದ ಕಡೆ ಒತ್ತೋಕೇ ಹೋಗುತ್ತೆ, ಎತ್ತೋಕೆ ಉಳಿಯೋದು ತೀರಾ ಕಮ್ಮಿ.

ಗಣಪ: ಹಾಗಾದ್ರೆ ಹಗ್ಗ ನಂದು.

ಸರೋಜಕ್ಕ: ನೋಡಿದ್ಯಾ ಶೀನ, ಅರ್ಧ ಏಣಿ ಏಳೋವರೆಗೂ ಉಸಿರು ಬಿಗಿಹಿಡಿದು ಎಳೆದ ಹಾಗೆ ಮುಖ ಮಾಡಿದರೆ ಸಾಕು ಅಂತ ಎಷ್ಟು ಬೇಗ ಗೊತ್ತಾಯ್ತು ಇವನಿಗೆ!